ಗಣಿತ ವಿಜ್ಞಾನಗಳಲ್ಲಿ ಮುಂದೋಡುವ ಬಾಲಿಕೆಯರು

ವರ್ಗದ ಉಳಿದ ಬಾಲಿಕೆಯರು ಲೆಕ್ಕವನ್ನು ಬರೆದುಕೊಳ್ಳುತ್ತಿರುವಾಗಲೇ ಉತ್ತರವನ್ನು ತೆಗೆದು, ಕೈಕಟ್ಟಿ, ಕಿಟಿಕಿಯ ಹೊರಗೆ ನೋಡುತ್ತ ಕುಳಿತುಕೊಳ್ಳುವ ಹುಡುಗಿಯನ್ನು ಏನು ಮಾಡತಕ್ಕದ್ದು? ಪಾಲಕರು ನಮ್ಮನ್ನು ಈ ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತಿರುವರು. ಒಂದು ಇಯತ್ತೆ ಮೇಲಕ್ಕೆ ಹಾಕಿಬಿಡಿರೆಂದು ಕೆಲವರು ಹೇಳುವರು. ಪರವೂರಿನ ಶಿಕವಣಿ ವರ್ಗಕ್ಕೆ ಕಳಿಸೋಣವೇ ಎಂದು ಬೇರೆ ಕೆಲವರು ವಿಚಾರಿಸುವರು. ಹೆಣ್ಣುಮಗಳಿಗೆ ಇಷ್ಟು ಸಾಕೆಂದು ಸುಮ್ಮನಾಗುವವರೇ ಹೆಚ್ಚು. ಈ ವಿಷಯದಲ್ಲಿ ನಾವು ತಿಳಿದುಕೊಂಡುದನ್ನು ಪಾಲಕರ ಹಾಗೂ ನಮ್ಮ ಪೂರ್ವ ವಿದ್ಯಾರ್ಥಿನಿಯರ ಮುಂದೆ ಇಡುತ್ತೇವೆ.

ಗಣಿತವು ನಮ್ಮ ಸೀಮೆಗೆ ಪರಕೀಯವಾದ ವಿದ್ಯೆಯೇನೂ ಅಲ್ಲ. ಕನ್ನಡದಲ್ಲಿ ಗಣಿತವನ್ನು ಪದ್ಯರೂಪವಾಗಿ ಬರೆದವರಲ್ಲಿ ಮೊದಲಿಗನೆಂದು ಹೆಸರಾದ ೧೨ನೆಯ ಶತಮಾನದ ರಾಜಾದಿತ್ಯನು ಪೂವಿನಬಾಗೆಯವನು. ಆ ಪೂವಿನಬಾಗೆಯೇ ಇಂದಿನ ರಾಯಬಾಗವೆಂದು ಹಲವರ ಮತವುಂಟು. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದವು ಅವನ ಕೃತಿಗಳು. ಭಾಸ್ಕರಾಚಾರ್ಯನು ೧೧೫೦ರಲ್ಲಿ ಬರೆದ ಸಂಸ್ಕೃತ ಲೀಲಾವತಿಯಲ್ಲಂತೂ ಲೆಕ್ಕಗಳನ್ನು ಬಾಲೆಯೊಬ್ಬಳನ್ನು ಕರೆದು ಕೇಳಿರುವದುಂಟು. ಹುಡುಗಿಯರಿಗೆ ಗಣಿತವೇತಕ್ಕೆ ಎನ್ನುವವರು ಇದನ್ನು ಗಮನಿಸಬೇಕು.

ಬುದ್ಧಿವಂತ ಮಕ್ಕಳನ್ನು ಬೇಗ ಮುನ್ನಡೆಯಿಸುವ ವಿಚಾರಕ್ಕೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಅಮೇರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ ಎಂಬ ಪಂಡಿತರು ಪ್ರಮುಖರು. ಅವರು ೧೯೭೧ರಲ್ಲಿ ಈ ಕಾರ್ಯವನ್ನು ಆರಂಭಿಸಿ, ಮರುವರ್ಷವೇ ೭ನೆಯ ಹಾಗೂ ೮ನೆಯ ಇಯತ್ತೆಗಳ ಮಕ್ಕಳಿಗೆ ಕಾಲೇಜಿಗೆ ಸೇರುವವರ ಗಣಿತ ಪರೀಕ್ಷೆಯನ್ನು ಕೊಟ್ಟು ನೋಡಿದರು. ಮಗುವಿನ ವಯಸ್ಸಿಗೆ ತಕ್ಕ ಪರೀಕ್ಷೆಯಲ್ಲಿ ಜಾಣರೆಲ್ಲರೂ ನೂರಕ್ಕೆ ನೂರರ ಹತ್ತಿರ ಬಂದು ನಿಲ್ಲುವದರಿಂದ, ಯಾರು ಎಷ್ಟು ಮುಂದೆ ಇರುವರೆಂಬದು ತಿಳಿಯದು. ಮೇಲಿನ ಪರೀಕ್ಷೆಯಲ್ಲಿ ಮಾತ್ರ ಅಂತರವು ಕಾಣುವದು. ಇದೇ ಅವರ ಯುಕ್ತಿ. ಹೀಗೆ ಕಂಡವರನ್ನು ಒಂದು ವಿಷಯದಲ್ಲಿ ಮಾತ್ರ ಮುಂದಕ್ಕೆ ಒಯ್ಯಬಹುದು, ಇಲ್ಲವೆ ಇಡಿಯ ಇಯತ್ತೆಯನ್ನೇ ದಾಟಿಸಬಹುದು. ನಮಗೆ ಮೊದಲನೆಯದೇ ಹಿತವೆಂದು ತೋರುತ್ತದೆ. ಗಣಿತದಲ್ಲಿ ಮುಂದಿರುವ ಹನ್ನೆರಡು ವರ್ಷದ ಹುಡುಗಿಯು ಆಟದಲ್ಲಿಯೂ ಗೆಳೆತನದಲ್ಲಿಯೂ ಹನ್ನೆರಡು ವರ್ಷದವಳೇ ಆಗಿರುತ್ತಾಳೆ.

ಆದರೆ ಮುಂದಕ್ಕೆ ಒಯ್ಯುವದೆಂದರೆ ಮುಂದಿನ ಪುಸ್ತಕವನ್ನು ಈಗಲೇ ಬಾಯಿಪಾಠ ಮಾಡಿಸುವದಲ್ಲ. ಒಂದು ಉದಾಹರಣೆಯನ್ನು ನೋಡಿರಿ. ಬೆಸ ಸಂಖ್ಯೆಗಳನ್ನು ಒಂದೊಂದಾಗಿ ಕೂಡಿಸುತ್ತ ಹೋಗಿರಿ: ೧ಕ್ಕೆ ೩ ಸೇರಿದರೆ ೪, ಅದಕ್ಕೆ ೫ ಸೇರಿದರೆ ೯, ೭ ಸೇರಿದರೆ ೧೬. ಪ್ರತಿಸಲವೂ ವರ್ಗಸಂಖ್ಯೆಯೇ ಬರುವದು. ಇದರ ಸೂತ್ರವು ೧೦ನೆಯ ಇಯತ್ತೆಯ ಸಮಾಂತರ ಶ್ರೇಢಿಯ ಪಾಠದಲ್ಲಿ ದೊರೆಯುವದು. ಅದನ್ನು ೮ನೆಯ ಇಯತ್ತೆಯ ಹುಡುಗಿಗೆ ಉರು ಹಾಕಿಸಿದರೆ ಅವಳಿಗೆ ಲಾಭವಿಲ್ಲ. ಅದರ ಬದಲು ಅವಳ ಮುಂದೆ ಹುಣಿಸೆಬೀಜಗಳನ್ನು ಸುರುವಿ, ಮೂರು ಸಾಲುಗಳಲ್ಲಿ ಮೂರು ಮೂರು ಬೀಜಗಳ ಚೌಕವನ್ನು ಮಾಡಿಸಿರಿ. ಇದನ್ನು ನಾಲ್ಕರ ಚೌಕವಾಗಿ ಬೆಳೆಸಲು ಒಂದು ಮಗ್ಗುಲಿಗೆ ೩, ಇನ್ನೊಂದು ಮಗ್ಗುಲಿಗೆ ೩, ಮೂಲೆಗೆ ೧, ಹೀಗೆ ೭ ಬೀಜಗಳು ಬೇಕು. ಬೆಸ ಸಂಖ್ಯೆಯೇ ಏಕೆ ಬೇಕಾಗುವದೆಂಬದು ಅವಳಿಗೆ ತಾನಾಗಿಯೇ ಹೊಳೆಯುವದು. ಆ ಮೇಲೆ ಸೂತ್ರವನ್ನು ಅವಳೇ ಬರೆಯುವಳು.

ಹೊಲಗದ್ದೆಗಳ ಲೆಕ್ಕವೂ ಹೀಗೆಯೇ. ೩೩ ಅಡಿ ಉದ್ದ, ೩೩ ಅಡಿ ಅಗಲದ ಚೌಕವು ಒಂದು ಗುಂಟೆ, ಅಂದರೆ ೧,೦೮೯ ಚದರ ಅಡಿ. ಅಂಥ ೪೦ ಗುಂಟೆಗಳಿಗೆ ಒಂದು ಎಕರೆ. ಕಬ್ಬು ಬೆಳೆಯುವವರ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ೧೩೨ ಅಡಿಯ ಸುತ್ತಳತೆಯಲ್ಲಿ ೪೦ ಅಡಿ ಉದ್ದ, ೨೬ ಅಡಿ ಅಗಲದ ತುಂಡನ್ನು ಅಳೆದರೆ ೧,೦೪೦ ಚದರ ಅಡಿ ಮಾತ್ರ ಏಕೆ ಬರುವದು? ಬೇಲಿ ಅಷ್ಟೇ ಇದ್ದು ನೆಲ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಮನೆಗೆ ಒಯ್ದು ತಂದೆಯೊಡನೆ ವಾದಿಸುವ ಹುಡುಗಿಯು ಕಾಲೇಜಿನ ಗಣಿತದ ಹೊಸ್ತಿಲಲ್ಲಿ ನಿಂತಿದ್ದಾಳೆಂದು ತಿಳಿಯತಕ್ಕದ್ದು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಹಲವು ವರ್ಷಗಳ ವರೆಗೆ ನಾವು ಹೆಚ್ಚಿನ ಪಾಠಕ್ಕೆ ಹುಡುಗಿಯರನ್ನು ವಾರ್ಷಿಕ ಪರೀಕ್ಷೆಯ ಅಂಕಗಳನ್ನು ನೋಡಿಯೇ ಆರಿಸಿದೆವು. ಅಕ್ಷರ ದುಂಡಗಿದ್ದವರು ಬಂದರು. ಉತ್ತರವನ್ನು ಅಡ್ಡದಾರಿಯಿಂದ ಕಂಡುಹಿಡಿದು, ರೀತಿಯನ್ನು ಬರೆಯದೆ ಅಂಕಗಳನ್ನು ಕಳೆದುಕೊಂಡವರು ಹಿಂದುಳಿದರು. ತಲಾಂತನ್ನು ನೆಲದಲ್ಲಿ ಹುಗಿದಿಟ್ಟ ಆಳಿನ ಸಾಮ್ಯವನ್ನು ಮಕ್ಕಳಿಗೆ ವರ್ಷವರ್ಷವೂ ಹೇಳುತ್ತಿದ್ದ ನಾವೇ ಗುದ್ದಲಿ ಹಿಡಿದಿದ್ದೆವು! ಈಗ ಎಲ್ಲರಿಗೂ ಪಾಠದ ಹೊರಗಿನ ನಾಲ್ಕು ಲೆಕ್ಕಗಳನ್ನು ಕೊಟ್ಟು, ಒಂದು ವಾರ ಬಿಟ್ಟು, ಯಾರು ಇನ್ನೂ ಅವುಗಳ ಬೆನ್ನು ಬಿಟ್ಟಿಲ್ಲವೆಂಬದನ್ನು ನೋಡುತ್ತೇವೆ.

ಹೊರಗಿನ ಸಹಾಯಗಳ ವಿಷಯದಲ್ಲಿ ಪಾಲಕರಿಗೆ ಹಳೆಯ ತಿಳಿವಳಿಕೆಯೇ ಹೆಚ್ಚು. ೧೯೬೩ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆಯ ಯೋಜನೆಯು ೨೦೨೧ರ ಬಳಿಕ ನಿಂತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೧೯೯೯ರಿಂದ ನಡೆಯಿಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯು ೨೦೨೨ರಲ್ಲಿ ಇನ್‌ಸ್ಪೈರ್ ಯೋಜನೆಯಲ್ಲಿ ಲೀನವಾಯಿತು. ಚಿಕ್ಕೋಡಿ ತಾಲೂಕಿನ ಕೋಥಳಿಯ ನವೋದಯ ವಿದ್ಯಾಲಯವುಂಟು. ಅದರ ಪ್ರವೇಶ ಪರೀಕ್ಷೆಯನ್ನು ೬ನೆಯ ಇಯತ್ತೆಗಾಗಿ ಕನ್ನಡದಲ್ಲಿಯೇ ಬರೆಯಬಹುದು, ಮೂರರಲ್ಲಿ ಒಂದು ಪಾಲು ಸ್ಥಾನಗಳು ಬಾಲಿಕೆಯರಿಗೆ ಮೀಸಲು. ಅಲ್ಲಿ ಸ್ಥಾನ ಸಿಗದಿದ್ದವರು ನಿರಾಶರಾಗಬೇಕಾಗಿಲ್ಲ. ೨೦೦೮ರಿಂದ ನಡೆದಿರುವ ರಾಷ್ಟ್ರೀಯ ಆದಾಯ ಹಾಗೂ ಅರ್ಹತೆಯ ವಿದ್ಯಾರ್ಥಿವೇತನವು ನಮ್ಮಂಥ ಅನುದಾನಿತ ಶಾಲೆಗಳಿಗೂ ಸರಕಾರಿ ಶಾಲೆಗಳಿಗೂ ಇರುವದು. ೮ನೆಯ ಇಯತ್ತೆಯಲ್ಲಿ ಪರೀಕ್ಷೆ. ಮಾನಸಿಕ ಸಾಮರ್ಥ್ಯಕ್ಕೆ ೯೦ ಪ್ರಶ್ನೆಗಳು, ಶಾಲಾ ವಿಷಯಗಳಿಗೆ ೯೦. ಮನೆತನದ ಆದಾಯವು ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಆಯ್ಕೆಯಾದವರಿಗೆ ೯ರಿಂದ ೧೨ನೆಯ ಇಯತ್ತೆಯ ವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿ ದೊರೆಯುವದು. ಆದಾಯದ ದಾಖಲೆಯನ್ನು ಕೊನೆಯ ವಾರದಲ್ಲಿ ಹುಡುಕಬೇಡಿರಿ.

ಗಣಿತ ಒಲಿಂಪಿಯಾಡಿನ ಹಾದಿ ಕಠಿಣವಾದುದು. ಆದರೂ ೨೦೧೨ರಲ್ಲಿ ಕೇಂಬ್ರಿಜ್ಜಿನಲ್ಲಿ ಆರಂಭವಾದ ಯುರೋಪಿಯನ್ ಬಾಲಿಕೆಯರ ಗಣಿತ ಒಲಿಂಪಿಯಾಡಿಗೆ ನಮ್ಮ ದೇಶದ ಬಾಲಿಕೆಯರು ೨೦೧೫ರಿಂದ ಹೋಗುತ್ತಿರುವರೆಂಬದನ್ನು ನಮ್ಮ ಹುಡುಗಿಯರಿಗೆ ಹೇಳಿದಾಗ ವರ್ಗದಲ್ಲಿ ಉಂಟಾದ ನಿಶ್ಶಬ್ದವನ್ನು ನಾವು ಮರೆತಿಲ್ಲ.

ಇಷ್ಟೆಲ್ಲ ಇದ್ದರೂ, ನಮ್ಮ ಬಾಲಿಕೆಯರನ್ನು ತಡೆಯುವದು ಗಣಿತದ ಕಾಠಿಣ್ಯವಲ್ಲ. ಶನಿವಾರ ಮಧ್ಯಾಹ್ನದ ಹೆಚ್ಚಿನ ಪಾಠ ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೊರಟುಹೋಗಿರುವದು. ೧೦ನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ ವರನ ಕಡೆಯವರು ಬರುವರು. ಕಾಗವಾಡ, ಅಥಣಿಗಳ ಕಡೆಯ ಹಳ್ಳಿಗಳಿಂದ ಬರುವವರ ತೊಂದರೆ ಇದರಲ್ಲಿ ಹೆಚ್ಚು. ಬಸ್ಸಿನ ವಿಷಯದಲ್ಲಿ ನಾವು ಪಾಠದ ವೇಳೆಯನ್ನು ಬೆಳಿಗ್ಗೆಗೆ ಬದಲಿಸಿದ್ದೇವೆ. ಎರಡನೆಯದರ ಬಗ್ಗೆ ಪಾಲಕರು ನಮ್ಮೊಡನೆ ಮಾತನಾಡುವದಕ್ಕೆ ಬರಬೇಕು. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿ ಈಗ ಶಿಕ್ಷಕಿಯರೂ ದಾದಿಯರೂ ಬ್ಯಾಂಕಿನ ಕಾರಕೂನರೂ ಆಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ಆ ಮಾತುಕತೆಗೆ ನಮ್ಮೊಡನೆ ಕುಳಿತುಕೊಳ್ಳಲು ಒಪ್ಪಿರುತ್ತಾರೆ.