ಉಡು, ತೊಡು, ಹೊದೆ: ಚಾಮರಾಜನಗರ ಸೀಮೆಯ ಗಂಡಸರ ಹೊಲಿದ ಬಟ್ಟೆ ಮತ್ತು ಅದರ ಜೊತೆಗಳು

೧. ಪ್ರವೇಶ

'ಉಡುಗೆ-ತೊಡುಗೆ' ಎಂಬ ಜೋಡುನುಡಿಯನ್ನು ಸಮಾನಾರ್ಥಕ ಪದಗಳ ಜೋಡಣೆಯೆಂದು ಭಾವಿಸುವುದು ವಾಡಿಕೆ. 'ಬಟ್ಟೆಬರೆ'ಯಲ್ಲಿ 'ಬರೆ' ಹೇಗೋ ಹಾಗೆ ಇಲ್ಲಿಯೂ ಎರಡನೆಯ ಪದ ಮೊದಲನೆಯದರ ಪ್ರತಿಧ್ವನಿಯೆಂದು ತೋರುತ್ತದೆ. ಆದರೆ ಇವೆರಡೂ ಬೇರೆ ಬೇರೆ ಧಾತುಗಳಿಂದ ಬಂದ ನಾಮಪದಗಳು. ಅವು ಹೆಸರಿಸುವ ಕ್ರಿಯೆಗಳೂ ಬೇರೆ. ಸುತ್ತಿ ಸಿಕ್ಕಿಸಿಕೊಳ್ಳುವುದು 'ಉಡು'; ಅಂಗವನ್ನು ಒಳಕ್ಕೆ ತೂರಿಸಿ ಧರಿಸುವುದು 'ತೊಡು'. ಸೀರೆ ಉಡುತ್ತಾರೆ, ರವಿಕೆ ತೊಡುತ್ತಾರೆ. ಪಂಚೆ ಉಡುತ್ತಾರೆ, ಅಂಗಿ ತೊಡುತ್ತಾರೆ. ಉಂಗುರ, ಬಳೆಗಳಿಗೂ 'ತೊಡು' ಎಂಬುದೇ ಕ್ರಿಯಾಪದವಾಗಿರುವುದು, ಬಿಲ್ಲಿಗೆ ಬಾಣವನ್ನು 'ತೊಡುವುದು' ಈ ಅರ್ಥವನ್ನು ಬಲಪಡಿಸುತ್ತವೆ.

ಗಂಡಸರ ಹೊಲಿದ ಬಟ್ಟೆಯ, ಅದರಲ್ಲೂ ಕೋಟಿನ, ಚರಿತ್ರೆಯನ್ನು ಪಾಶ್ಚಾತ್ಯೀಕರಣದ ಒಂದು ಅಧ್ಯಾಯವಾಗಿ ಮಾತ್ರ ಓದುವ ರೂಢಿಯಿದೆ. ಆ ಓದು ಹಳೆಯ ಮೈಸೂರು ಸೀಮೆಯ ಒಂದು ಸಂಗತಿಯನ್ನು ವಿವರಿಸಲಾರದು. ಇಲ್ಲಿ ಕೋಟು ಸುಲಭವಾಗಿ ಒಳಬಂದಿತು. ಪ್ಯಾಂಟು ಬಹುಕಾಲ ಹೊರಗೇ ನಿಂತಿತು. ಕೋಟಿನ ಕೆಳಗೆ ಕಚ್ಚೆಪಂಚೆ, ಮೇಲೆ ಪೇಟ, ಹೆಗಲಿಗೆ ಶಲ್ಯ ಎಂಬ ವೇಷ ತಲೆಮಾರುಗಳ ಕಾಲ ಗೌರವಸ್ಥ ಗಂಡಸಿನ ಪೂರ್ಣ ಉಡುಪಾಗಿತ್ತು. ಇದಕ್ಕೆ ಕಾರಣ ಕನ್ನಡದ ಕ್ರಿಯಾಪದಗಳಲ್ಲಿ ಕಾಣುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ. ಇದು ಕ್ಷೇತ್ರಕಾರ್ಯದ ವರದಿಯಲ್ಲ. ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರಗಳ ಸೀಮೆಯನ್ನು ಕಣ್ಣಮುಂದಿರಿಸಿಕೊಂಡು ಕ್ಷೇತ್ರಕಾರ್ಯಕ್ಕೆ ಒದಗಬಹುದಾದ ಒಂದು ವಿವರಣಾ ಚೌಕಟ್ಟು.

೨. ಐದು ಕ್ರಿಯಾಪದಗಳು

ಹಳೆಯ ಮೈಸೂರಿನ ಗಂಡಸಿನ ಪೂರ್ಣ ವೇಷವನ್ನು ತಲೆಯಿಂದ ಕಾಲಿನವರೆಗೆ ವರ್ಣಿಸಲು ಐದು ಕ್ರಿಯಾಪದಗಳು ಬೇಕಾಗುತ್ತವೆ. ತಲೆಗೆ ರುಮಾಲು ಸುತ್ತುವುದು, ಹೆಗಲಿಗೆ ಶಲ್ಯ ಹೊದೆಯುವುದು, ಮೈಗೆ ಅಂಗಿ ಅಥವಾ ಕೋಟು ತೊಡುವುದು, ಸೊಂಟಕ್ಕೆ ಪಂಚೆ ಉಡುವುದು, ಕಾಲಿಗೆ ಜೋಡು ಮೆಟ್ಟುವುದು. ಕೊನೆಯ ಕ್ರಿಯಾಪದದಿಂದ ಪಾದರಕ್ಷೆಗೆ 'ಮೆಟ್ಟು' ಎಂಬ ನಾಮಪದವೂ ಹುಟ್ಟಿದೆ. ಈ ಐದರಲ್ಲಿ ದರ್ಜಿಯ ಕತ್ತರಿ-ಸೂಜಿಗೆ ಕೆಲಸವಿರುವುದು 'ತೊಡು' ಎಂಬ ಒಂದರಲ್ಲಿ ಮಾತ್ರ. ರುಮಾಲು, ಶಲ್ಯ, ಪಂಚೆಗಳು ಮಗ್ಗದಿಂದ ಇಳಿದಂತೆಯೇ ಮೈಗೆ ಬರುವ ಬಟ್ಟೆಗಳು. ಅವುಗಳ ಆಕಾರ ಬಟ್ಟೆಯಲ್ಲಿಲ್ಲ, ಧರಿಸುವವನ ಕೈಯಲ್ಲಿದೆ. ನೆರಿಗೆ ಹಿಡಿಯುವುದು, ಕಚ್ಚೆ ಹಾಕುವುದು, ಸುತ್ತಿನ ಮೇಲೆ ಸುತ್ತು ಕೂರಿಸುವುದು ದಿನದಿನವೂ ಹೊಸದಾಗಿ ಮಾಡಬೇಕಾದ ಕೆಲಸ.

ಇದರಿಂದ ಹೊಲಿದ ಬಟ್ಟೆ ಪರಕೀಯ, ಹೊಲಿಯದ ಬಟ್ಟೆ ದೇಶೀಯ ಎಂಬ ತೀರ್ಮಾನಕ್ಕೆ ಜಿಗಿಯಬಾರದು. 'ಹೊಲಿ' ಅಚ್ಚಗನ್ನಡ ಧಾತು. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯಿದ್ದಾನೆ; ಹೊಲಿಗೆ ಒಂದು ಕಾಯಕವಾಗಿ ನೆಲೆಗೊಂಡಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ರಾಜನ ಭೋಗಗಳಲ್ಲಿ ವಸ್ತ್ರೋಪಭೋಗಕ್ಕೂ ಸ್ಥಾನ ಕೊಟ್ಟಿದೆ. ಕುಪ್ಪಸ, ಚಲ್ಲಣಗಳು ಹಳೆಯ ಪದಗಳೇ. ಆದ್ದರಿಂದ 'ತೊಡು' ಎಂಬುದು ಕೋಟಿಗಾಗಿ ಹುಟ್ಟಿದ ಸ್ಥಾನವಲ್ಲ. ಕೋಟು ಬರುವ ಮೊದಲೇ ಸಿದ್ಧವಾಗಿದ್ದ ಸ್ಥಾನ.

ಹೊಲಿಗೆಯ ಪರಿಭಾಷೆಯಲ್ಲಿಯೂ ಪದರಗಳಿವೆ. ನೂಲು, ಅಂಚು, ಸೆರಗು, ನೆರಿಗೆ ಮೊದಲಾದವು ಹಳೆಯವು. ಸೂಜಿ, ಕತ್ತರಿಗಳು ಸಂಸ್ಕೃತಮೂಲದವು. ದರ್ಜಿ, ರುಮಾಲು ಪಾರಸಿಯಿಂದಲೂ, ಇಜಾರ, ಜೇಬು, ಕಿಸೆಗಳು ಅರಬ್ಬಿ ಮೂಲದಿಂದ ಪಾರಸಿ-ಉರ್ದುಗಳ ಮೂಲಕವೂ ಬಂದವು. ಗುಂಡಿಯನ್ನು ತೂರಿಸುವ ಕಿಂಡಿಗೆ ಇರುವ 'ಕಾಜ', ಬಟ್ಟೆಗೆ ಹಾಕುವ 'ಇಸ್ತ್ರಿ' ಪೋರ್ಚುಗೀಸ್ ಮೂಲದವು. ಕೋಟು, ಷರ್ಟು, ಕಾಲರು, ಪ್ಯಾಂಟುಗಳು ಇಂಗ್ಲಿಷಿನಿಂದ ಬಂದು ಉಕಾರಾಂತವಾದವು. ಹೀಗೆ ಒಂದು ಕೋಟಿನ ಮೇಲೆ ಐದಾರು ಭಾಷೆಗಳ ಚರಿತ್ರೆಯಿದೆ. ಹೆಸರುಗಳು ಹೊರಗಿನಿಂದ ಬಂದರೂ ಧರಿಸುವ ಕ್ರಿಯೆಯನ್ನು ಹೇಳುವ ಪದಗಳು ಮಾತ್ರ ಕನ್ನಡದವಾಗಿಯೇ ಉಳಿದವು ಎಂಬುದು ಗಮನಾರ್ಹ.

೩. ಕೋಟು ಮತ್ತು ಅದರ ಜೊತೆಗಳು

ಅರಿಕುಠಾರವೆಂಬ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರಿನಲ್ಲಿ ಚಾಮರಾಜನಗರವೆಂದು ನಾಮಕರಣ ಮಾಡಿದ್ದು 1818ರಲ್ಲಿ. ಅರಮನೆಯೊಡನೆ ಇಷ್ಟು ನಿಕಟವಾಗಿದ್ದ ಸೀಮೆಯಲ್ಲಿ ಆಸ್ಥಾನದ ಹಾಗೂ ಹುಜೂರು ಕಚೇರಿಯ ವೇಷ ಮಾದರಿಯಾದುದು ಸಹಜ. ಶಾನುಭೋಗ, ಅಮಲ್ದಾರ, ಉಪಾಧ್ಯಾಯ, ವಕೀಲರ ಮೂಲಕ ಅದು ಊರುಗಳಿಗೆ ಇಳಿಯಿತು.

ಈ ವೇಷದ ತಿರುಳು ಕತ್ತಿನವರೆಗೆ ಗುಂಡಿಗಳಿರುವ ಮುಚ್ಚುಗೊರಳಿನ ಕೋಟು. ಆಡುನುಡಿಯಲ್ಲಿ 'ಕ್ಲೋಸ್ ಕೋಟು'. ತೆರೆದ ಕೊರಳಿನ ಕೋಟು ತನ್ನೊಂದಿಗೆ ಬೇರೆ ಹಲವನ್ನು ಬೇಡುತ್ತದೆ: ಒಳಗೆ ಕಾಲರಿನ ಷರ್ಟು ಬೇಕು, ಟೈ ಬೇಕು, ಷರ್ಟು ಇಸ್ತ್ರಿಯಾಗಿರಬೇಕು, ಕೆಳಗೆ ಅದೇ ಬಟ್ಟೆಯ ಪ್ಯಾಂಟಿದ್ದರೆ ಮಾತ್ರ ಅದು ಸೂಟು. ಮುಚ್ಚುಗೊರಳಿನ ಕೋಟು ಇದಾವುದನ್ನೂ ಬೇಡುವುದಿಲ್ಲ. ಒಳಗಿರುವುದು ಕಾಣದು, ಬನಿಯನ್ನಿನ ಮೇಲೂ ಅದನ್ನು ತೊಡಬಹುದು. ಹೀಗಾಗಿ ಅದು ಹಳೆಯ ನಿಲುವಂಗಿಯ ಸ್ಥಾನದಲ್ಲಿ ನೇರವಾಗಿ ಕುಳಿತುಕೊಂಡಿತು. ಸುತ್ತಲಿನ ನಾಲ್ಕು ಕ್ರಿಯಾಪದಗಳು ಅಲುಗಲಿಲ್ಲ.

ಜೊತೆಗಳ ನಿಯಮಗಳು ಇದರಿಂದಲೇ ಹೊರಡುತ್ತವೆ. ಪಂಚೆಯ ಮೇಲೆ ತೊಡುವ ಕೋಟು ನಡುವಿನ ಕಟ್ಟನ್ನೂ ಹಿಂದೆ ಸಿಕ್ಕಿಸಿದ ಕಚ್ಚೆಯ ತುದಿಯನ್ನೂ ಮುಚ್ಚುವಷ್ಟು ಉದ್ದವಿರಬೇಕು. ಗಿಡ್ಡ ಕೋಟು ಪಂಚೆಗೆ ಒಗ್ಗದು. ಮುಂದಿನ ನೆರಿಗೆಗಳು ಕೋಟಿನ ಅಂಚಿನ ಕೆಳಗೆ ನೇರವಾಗಿ ಇಳಿಯಬೇಕು. ಆದುದರಿಂದಲೇ ಕೋಟಿಗೆ ಜೊತೆಯಾದುದು ಕಚ್ಚೆಪಂಚೆ. ಕಚ್ಚೆಯಿಲ್ಲದ ಅಡ್ಡಪಂಚೆ ಮನೆಗೆ, ಹೊಲಕ್ಕೆ, ಷರ್ಟಿಗೆ ಹೊಂದಿಕೊಂಡಿತು. ಕೋಟು ತೊಟ್ಟವನ ತಲೆ ಬರಿದಾಗಿರುವುದು ಅಪೂರ್ಣತೆಯ ಲಕ್ಷಣವಾಗಿತ್ತು. ಪೇಟ ಅದನ್ನು ತುಂಬುತ್ತಿತ್ತು. ಮಡಿಸಿದ ಶಲ್ಯ ಕೊರಳ ಇಕ್ಕೆಲಗಳಲ್ಲಿ ಇಳಿದು ಕೋಟಿನ ಗುಂಡಿಸಾಲಿಗೆ ಚೌಕಟ್ಟಾಗುತ್ತಿತ್ತು. ಮಾಸ್ತಿ, ಡಿ.ವಿ.ಜಿ. ಅವರ ಪರಿಚಿತ ಭಾವಚಿತ್ರಗಳು ಈ ಪರಂಪರೆಗೆ ಸೇರಿದವು.

ಇದಕ್ಕೆ ಅಪವಾದವೆಂಬಂತೆ ಕಾಣುವವರು ವಿಶ್ವೇಶ್ವರಯ್ಯ. 1912ರಿಂದ 1918ರವರೆಗೆ ದಿವಾನರಾಗಿದ್ದ ಅವರ ಚಿರಪರಿಚಿತ ಚಿತ್ರದಲ್ಲಿ ತೆರೆಗೊರಳಿನ ಸೂಟು, ಟೈ ಇವೆ. ಆದರೂ ತಲೆಯ ಮೇಲೆ ಮೈಸೂರು ಪೇಟವೇ ಇದೆ. ನಡುವಿನ ಕ್ರಿಯಾಪದ ಬದಲಾದರೂ ತಲೆಯದು ಬದಲಾಗಲಿಲ್ಲ. ಈ ನಿಯಮ ಅಂಗ ಅಂಗವಾಗಿ ಸಡಿಲಗೊಂಡಿತೇ ಹೊರತು ಒಮ್ಮೆಲೇ ಕಳಚಲಿಲ್ಲ.

೪. ಪ್ಯಾಂಟಿನ ಸಮಸ್ಯೆ ಮತ್ತು ಬಂಡೀಪುರದ ಖಾಕಿ

ಪ್ಯಾಂಟು ಎದುರಿಸಿದ ತೊಡಕು ಕೇವಲ ಅಭಿರುಚಿಯದಲ್ಲ. ಸೊಂಟವು 'ಉಡು' ಎಂಬ ಕ್ರಿಯೆಯ ನೆಲೆ; ಮಡಿ ಎಂಬ ಪರಿಕಲ್ಪನೆ ಹೆಚ್ಚಾಗಿ ಆಧರಿಸಿರುವುದು ಈ ಉಡುವ ಬಟ್ಟೆಯನ್ನು. ಒಗೆದು ಒಣಗಿಸಿದ, ಹೊಲಿಗೆಯಿಲ್ಲದ ಪಂಚೆಯೇ ಪೂಜೆಗೆ, ಶ್ರಾದ್ಧಕ್ಕೆ, ಮದುವೆಗೆ ಯೋಗ್ಯ. ಕೋಟನ್ನು ತೆಗೆದಿಟ್ಟರೆ ಕೆಳಗಿನ ಪಂಚೆ ಹಾಗೆಯೇ ಇರುತ್ತಿತ್ತು. ಕಚೇರಿಯ ಗಂಡಸು ಸುಲಭವಾಗಿ ಮನೆಯ ಗಂಡಸಾಗುತ್ತಿದ್ದ. ಪ್ಯಾಂಟಿನಲ್ಲಿ ಈ ಅನುಕೂಲವಿರಲಿಲ್ಲ. ಈ ಹಿಂಜರಿಕೆ ಭಾಷೆಯಲ್ಲಿಯೂ ಇದೆ. 'ಪ್ಯಾಂಟು ಉಟ್ಟನು' ಎಂದು ಯಾರೂ ಹೇಳರು. 'ಪ್ಯಾಂಟು ತೊಟ್ಟನು' ಗ್ರಾಂಥಿಕವೆನಿಸುತ್ತದೆ. ಉಳಿದದ್ದು 'ಹಾಕಿಕೊಂಡನು' ಎಂಬ ಸಾಮಾನ್ಯ ಕ್ರಿಯಾಪದ.

ಈ ಸೀಮೆಯಲ್ಲಿ ಅಡಿಯಿಂದ ಮುಡಿಯವರೆಗೆ ಹೊಲಿದ ವೇಷವನ್ನು ಕಡ್ಡಾಯಗೊಳಿಸಿದ್ದು ಸಮವಸ್ತ್ರ. ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಬಂಡೀಪುರದಲ್ಲಿ 1931ರಲ್ಲಿ ಅಭಯಾರಣ್ಯ ಸ್ಥಾಪನೆಯಾಯಿತು. 1941ರಲ್ಲಿ ಅದು ವಿಸ್ತಾರಗೊಂಡು ವೇಣುಗೋಪಾಲ ವನ್ಯಜೀವಿಧಾಮವೆನಿಸಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬೇಟೆಯ ಸೂಟಿಗೂ ಕಾವಲುಗಾರನ ಸಮವಸ್ತ್ರಕ್ಕೂ ಬಣ್ಣ ಒಂದೇ, ಖಾಕಿ. ಪಾರಸಿಯಲ್ಲಿ 'ಖಾಕ್' ಎಂದರೆ ಧೂಳು, ಮಣ್ಣು. ಮುಳ್ಳುಪೊದೆಗಳ ನಡುವೆ ನಡೆಯುವವನಿಗೆ ನೆರಿಗೆಯ ಬಟ್ಟೆಗಿಂತ ಮೈಗೆ ಹತ್ತಿದ ಬಟ್ಟೆ ಅನುಕೂಲವೆಂಬುದು ನಿಜ. ಆದರೆ ಸಮವಸ್ತ್ರದ ಮುಖ್ಯ ಗುಣ ಬೇರೆ: ಅದರಲ್ಲಿ ಜೊತೆಗಳ ಆಯ್ಕೆಯೇ ಇಲ್ಲ. ಟೋಪಿಯಿಂದ ಬೂಟಿನವರೆಗೆ ಎಲ್ಲವೂ ನಿಗದಿತ. ಕೋಟು-ಪಂಚೆಯ ಗಂಡಸು ಮಾಡಿಕೊಂಡ ಹೊಂದಾಣಿಕೆಗೆ ಖಾಕಿಯಲ್ಲಿ ಎಡೆಯಿಲ್ಲ.

೫. ಯಾರ ಹೆಗಲು, ಯಾರ ಮೈ

ಮೇಲಿನ ಐದು ಕ್ರಿಯಾಪದಗಳು ಎಲ್ಲ ಗಂಡಸರಿಗೂ ಸಮಾನವಾಗಿ ದಕ್ಕಿದವಲ್ಲ ಎಂಬುದನ್ನು ಮರೆತರೆ ಈ ವಿವರಣೆ ಮೇಲುಜಾತಿಯ ಗಂಡಸಿನ ಚಿತ್ರವಷ್ಟೇ ಆಗುತ್ತದೆ. ಉಳ್ಳವರ ಎದುರಿಗೆ ಬಂದಾಗ ತಲೆವಸ್ತ್ರವನ್ನು ಬಿಚ್ಚಬೇಕು, ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳಬೇಕು, ಮೆಟ್ಟನ್ನು ಕೈಗೆ ತೆಗೆದುಕೊಳ್ಳಬೇಕು ಎಂಬ ಕಟ್ಟಳೆಗಳು ದಲಿತರ ಮೇಲೆ ಹೇರಲ್ಪಟ್ಟಿದ್ದವು. ಸುತ್ತು, ಹೊದೆ, ಮೆಟ್ಟು ಎಂಬ ಮೂರು ಕ್ರಿಯೆಗಳನ್ನು ಒಂದೇ ಕ್ಷಣದಲ್ಲಿ ಕಸಿದುಕೊಳ್ಳುವ ವ್ಯವಸ್ಥೆಯಿದು. ಬಿಚ್ಚಿಸಲು ಸುಲಭವಾದುದು ಹೊಲಿಯದ ಬಟ್ಟೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಹಿನ್ನೆಲೆಯಲ್ಲಿ ಊರೂರುಗಳಲ್ಲಿ ನಿಂತಿರುವ ಅಂಬೇಡ್ಕರ್ ಪ್ರತಿಮೆಯ ನೀಲಿ ಸೂಟಿಗೆ ಬೇರೆಯೇ ಅರ್ಥವಿದೆ. ಗಾಂಧೀಜಿ ಹೊಲಿದ ಬಟ್ಟೆಯನ್ನು ತೊರೆದುದು ಒಂದು ನೈತಿಕ ನಿಲುವು. ಅಂಬೇಡ್ಕರ್ ಸೂಟು ತೊಟ್ಟುದು ಇನ್ನೊಂದು ನೈತಿಕ ನಿಲುವು. ಯಾರೂ ಬಿಚ್ಚಿಸಲಾಗದ ವೇಷವದು. ಚಾಮರಾಜನಗರದ ರೈಲುದಾರಿಯಲ್ಲಿರುವ ಬದನವಾಳಿನಲ್ಲಿ 1920ರ ದಶಕದಲ್ಲಿ ಖಾದಿ ಕೇಂದ್ರ ಆರಂಭವಾಯಿತು. ಒಂದೇ ಸೀಮೆಯಲ್ಲಿ ಕೈನೂಲಿನ ಪಂಚೆಯೂ ನೀಲಿ ಸೂಟೂ ಎರಡು ಘನತೆಗಳಾಗಿ ನಿಂತಿವೆ. ಇವುಗಳಲ್ಲಿ ಒಂದನ್ನು ದೇಶೀಯ, ಇನ್ನೊಂದನ್ನು ಅನುಕರಣೆ ಎಂದು ವರ್ಗೀಕರಿಸುವುದು ಸಂಶೋಧನೆಯಲ್ಲ, ಪೂರ್ವಗ್ರಹ.

ಹೆಗಲ ಬಟ್ಟೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. 1980ರಲ್ಲಿ ರೂಪುಗೊಂಡ ಕರ್ನಾಟಕ ರಾಜ್ಯ ರೈತ ಸಂಘದ ಹಸಿರು ಶಾಲು ಷರ್ಟಿನ ಮೇಲೆ ಏರಿತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ 'ಅಮೃತಭೂಮಿ'ಯಿರುವ ಈ ಜಿಲ್ಲೆಯಲ್ಲಿ ಅದು ಪರಿಚಿತ ದೃಶ್ಯ. ಅಧಿಕಾರಿಯ ಎದುರು ಹೆಗಲಿಂದ ಇಳಿಯಬೇಕಾಗಿದ್ದ ಬಟ್ಟೆಯೇ ಅಧಿಕಾರಿಯನ್ನು ಪ್ರಶ್ನಿಸುವವನ ಗುರುತಾಯಿತು.

೬. 'ಹಾಕು' ಎಂಬ ಏಕೀಕರಣ

ಇಂದು ಐದು ಕ್ರಿಯಾಪದಗಳ ಜಾಗವನ್ನು 'ಹಾಕು' ಆಕ್ರಮಿಸುತ್ತಿದೆ. ಹಳೆಯ ಮೈಸೂರಿನ ಹಳ್ಳಿಯ ಮಾತಿನಲ್ಲಿ 'ತೊಡು' ಎಂಬುದಕ್ಕೆ ಪ್ರತಿಯಾಗಿ 'ಅಂಗಿ ಇಕ್ಕು' ಎಂಬ ಬಳಕೆಯಿದ್ದರೂ ಪಂಚೆಗೆ 'ಉಡು' ಎಂಬುದು ಪ್ರತ್ಯೇಕವಾಗಿಯೇ ಇತ್ತು. ಎಂದರೆ ಪದ ಬದಲಾದರೂ ಭೇದ ಉಳಿದಿತ್ತು. ಈಗ ಹೋಗುತ್ತಿರುವುದು ಆ ಭೇದ. ವಸ್ತುಗಳೇ ಬದಲಾಗಿರುವುದು ಇದಕ್ಕೆ ಒಂದು ಕಾರಣ. ಸನ್ಮಾನಗಳಿಗೆ ಬಳಸುವ ಪೇಟ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ಟೋಪಿಯಂಥ ವಸ್ತು. ಆದ್ದರಿಂದ ಪತ್ರಿಕಾ ವರದಿಗಳು 'ಶಾಲು ಹೊದಿಸಿ, ಪೇಟ ತೊಡಿಸಿ' ಎನ್ನುತ್ತವೆ. 'ಹೊದೆ' ಅಲ್ಲಿ ಉಳಿದಿದೆ, 'ಸುತ್ತು' ಹೋಗಿದೆ. ವರದಿಗಾರನ ಕಿವಿ ವಸ್ತುವಿನ ಬದಲಾವಣೆಯನ್ನು ಸರಿಯಾಗಿಯೇ ಗ್ರಹಿಸಿದೆ. ನೆರಿಗೆ, ಕಚ್ಚೆಗಳನ್ನು ಹೊಲಿದು, ಅಂಟುಪಟ್ಟಿ, ಜೇಬುಗಳನ್ನು ಇಟ್ಟ ಸಿದ್ಧ ಪಂಚೆಗಳೂ ಮಾರುಕಟ್ಟೆಗೆ ಬಂದಿವೆ. ಅಂಥ ಪಂಚೆಯನ್ನು ಉಡಲು ಸಾಧ್ಯವಿಲ್ಲ; ತೊಡಬೇಕು, ಅಥವಾ ಹಾಕಿಕೊಳ್ಳಬೇಕು. ಹೊಲಿದ ಬಟ್ಟೆಗೆ 'ಸಿದ್ಧ ಉಡುಪು' ಎಂಬ ಹೆಸರು ನಿಂತದ್ದೂ ಈ ಬೆರಕೆಯ ಫಲವೇ.

ಮದುವೆ ಮಾತ್ರ ಹಳೆಯ ವಿಭಜನೆಯನ್ನು ಬೇರೊಂದು ರೀತಿಯಲ್ಲಿ ಉಳಿಸಿಕೊಂಡಿದೆ. ಧಾರೆಗೆ ಪಂಚೆ-ಶಲ್ಯ, ಆರತಕ್ಷತೆಗೆ ಸೂಟು. ಒಂದೇ ಮೈಯ ಮೇಲೆ ಮೇಲೆ-ಕೆಳಗೆ ಇದ್ದ ಎರಡು ಕ್ರಮಗಳು ಈಗ ಬೇರೆ ಬೇರೆ ವೇಳೆಗಳಿಗೆ ಹಂಚಿಹೋಗಿವೆ. ಕೋಟು-ಪಂಚೆ ಒಟ್ಟಿಗಿರುವ ವೇಷವೇ ಕಣ್ಮರೆಯಾಗುತ್ತಿರುವುದು ಇದರಿಂದ.

೭. ಮುಂದಿನ ಕೆಲಸ

ಈ ಪರಿಭಾಷೆಯ ಸಂಗ್ರಹಕ್ಕೆ ಚಾಮರಾಜನಗರ ಜಿಲ್ಲೆ ವಿಶೇಷವಾಗಿ ಅನುಕೂಲಕರ. 1997ರಲ್ಲಿ ರೂಪುಗೊಂಡ ಈ ಜಿಲ್ಲೆಯಲ್ಲಿ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಕೈಮಗ್ಗದ ರೇಷ್ಮೆಗೆ ಹೆಸರಾದ ಕೊಳ್ಳೇಗಾಲ 1956ರವರೆಗೆ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಸ್ಥಾನದ ಮಾದರಿಯಿದ್ದ ಕಡೆ ಮತ್ತು ಇಲ್ಲದ ಕಡೆ ಕೋಟು, ಪೇಟ, ಶಲ್ಯಗಳ ಬಳಕೆ ಹೇಗೆ ಭಿನ್ನವಾಗಿತ್ತು ಎಂಬುದನ್ನು ಒಂದೇ ಜಿಲ್ಲೆಯೊಳಗೆ ಪರೀಕ್ಷಿಸಬಹುದು. ಗುಂಡ್ಲುಪೇಟೆಯ ಗಡಿಯಾಚೆ ವಯನಾಡು, ನೀಲಗಿರಿಗಳಿವೆ. ಮಲಯಾಳದ ಮುಂಡು, ತಮಿಳಿನ ವೇಷ್ಟಿಗಳೊಡನೆ ಪಂಚೆಯ ಕ್ರಿಯಾಪದಗಳನ್ನೂ ಹೋಲಿಸಬೇಕು.

ಸಂಗ್ರಾಹಕರು ಸಾಮಾನ್ಯವಾಗಿ ವಸ್ತುಗಳ ಹೆಸರುಗಳನ್ನು ಕೇಳಿ ಬರೆದುಕೊಳ್ಳುತ್ತಾರೆ. ಅದರೊಡನೆ 'ಇದನ್ನು ಏನು ಮಾಡುತ್ತೀರಿ' ಎಂದೂ ಕೇಳಬೇಕು. ಉತ್ತರವಾಗಿ ಬರುವ ಕ್ರಿಯಾಪದವನ್ನು ಹೇಳಿದಂತೆಯೇ ದಾಖಲಿಸಬೇಕು. ಕೋಟು ಕತ್ತರಿಸಬಲ್ಲ ಹಿರಿಯ ದರ್ಜಿಗಳು, ಕಚ್ಚೆ ಹಾಕಬಲ್ಲ ಹಿರಿಯರು, ಹೆಗಲ ಬಟ್ಟೆ ಇಳಿಸಬೇಕಾಗಿದ್ದ ಕಾಲವನ್ನು ಕಂಡವರು, ಈ ಮೂವರನ್ನೂ ಮಾತನಾಡಿಸದ ಸಂಗ್ರಹ ಅಪೂರ್ಣ. ವಸ್ತುಗಳನ್ನು ಸಂಗ್ರಹಾಲಯದಲ್ಲಿ ಇಡಬಹುದು, ಭಾವಚಿತ್ರಗಳಲ್ಲಿ ನೋಡಬಹುದು. ಕ್ರಿಯಾಪದ ಬದುಕುವುದು ಬಾಯಿಯಲ್ಲಿ ಮತ್ತು ಕೈಯಲ್ಲಿ. ಅವರು ಇರುವಾಗಲೇ ಅದನ್ನು ಕೇಳಿಸಿಕೊಳ್ಳಬೇಕು.