ರುಚಿಗೆ ತಕ್ಕಷ್ಟು

ಅಡುಗೆ ಮಾಡುವುದು ಒಂದು ವಿದ್ಯೆ. ಮಾಡಿದ ಅಡುಗೆಯನ್ನು ಇನ್ನೊಬ್ಬರೂ ಮಾಡುವಂತೆ ಬರೆದಿಡುವುದು ಮತ್ತೊಂದು ವಿದ್ಯೆ. ಮೊದಲನೆಯದನ್ನು ಬಲ್ಲವರಿಗೆಲ್ಲ ಎರಡನೆಯದೂ ಬರುವುದೆಂಬ ನಿಯಮವೇನೂ ಇಲ್ಲ. ಕೈ ಪಳಗಿದವರಿಗೇ ಬರೆವಣಿಗೆ ಹೆಚ್ಚು ಕಷ್ಟವಾಗುವುದುಂಟು. ನಿತ್ಯವೂ ನಡೆದು ಹೋಗುವ ದಾರಿಯಲ್ಲಿ ಎಷ್ಟು ತಿರುವುಗಳಿವೆಯೆಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ತಟ್ಟನೆ ಉತ್ತರ ಹೇಳಬಲ್ಲೆವು?

ನನ್ನ ತಾಯಿ ತೀರಿಕೊಂಡು ವರ್ಷಾಬ್ದಿಕ ಕಳೆದ ಮೇಲೆ ಬಂದ ದೀಪಾವಳಿಗೆ, ಮನೆಯಲ್ಲಿ ಮತ್ತೆ ಮೈಸೂರುಪಾಕು ಮಾಡಬೇಕೆಂದು ನಾನು ಅವಳ ಅಡುಗೆಯ ಪುಸ್ತಕವನ್ನು ತೆರೆದೆ. ಕಂದು ಕಾಗದದ ಹೊದಿಕೆ ಹಾಕಿದ, ಹಾಳೆಗಳಲ್ಲೆಲ್ಲ ಎಣ್ಣೆಯ ಕಲೆ ಹಬ್ಬಿದ ನೋಟುಪುಸ್ತಕ ಅದು. ಮೈಸೂರುಪಾಕಿಗೆ ಅದರಲ್ಲಿ ದೊರೆತದ್ದು ಮೂರೇ ಸಾಲು: “ಕಡಲೆಹಿಟ್ಟು 1 ಪಾವು, ಸಕ್ಕರೆ 2 ಪಾವು, ತುಪ್ಪ ಬೇಕಾದಷ್ಟು. ಪಾಕ ಬಂದ ಮೇಲೆ ಹಿಟ್ಟು ಹಾಕಿ ತಿರುವುವುದು. ಹದ ನೋಡಿ ಇಳಿಸುವುದು.”

ಮೊದಲ ದಿನ ಮಾಡಿದ್ದು ತಟ್ಟೆಯಲ್ಲಿ ನಿಲ್ಲದೆ ಹಲ್ವದಂತೆ ಬಳುಕಿತು. ಮರುದಿನ ಮಾಡಿದ್ದನ್ನು ಕತ್ತರಿಸಲು ಚಾಕು ಸಾಲದೆ ಕುಟ್ಟಾಣಿ ತರಬೇಕಾಯಿತು. “ಹದ ನೋಡಿ” ಎಂದೇನೋ ಅಮ್ಮ ಬರೆದಿದ್ದಳು. ಆದರೆ ನೋಡಬೇಕಾದದ್ದು ಏನನ್ನು? ಬಣ್ಣವನ್ನೋ, ನೊರೆಯನ್ನೋ, ಗಡಿಯಾರವನ್ನೋ? ಕೇಳೋಣವೆಂದರೆ ಹೇಳಬೇಕಾದವಳು ಇರಲಿಲ್ಲ.

ಇದರಲ್ಲಿ ಅಮ್ಮನ ತಪ್ಪೇನೂ ಇಲ್ಲ. ಆ ಪುಸ್ತಕ ಅವಳು ತನಗಾಗಿ ಮಾಡಿಕೊಂಡ ಜ್ಞಾಪಕದ ಗುರುತು. ಉಳಿದದ್ದೆಲ್ಲ ಅವಳ ಕೈಯಲ್ಲಿತ್ತು. ಆದರೆ ಅಂದು ಕುಟ್ಟಾಣಿಯ ಮುಂದೆ ಕುಳಿತಾಗ ನನಗೆ ಒಂದು ಮಾತು ಸ್ಪಷ್ಟವಾಯಿತು. ಒಳ್ಳೆಯ ಪಾಕಕ್ರಮವೆಂದರೆ, ಪಕ್ಕದಲ್ಲಿ ಕೇಳಲು ಯಾರೂ ಇಲ್ಲದವರಿಗಾಗಿ ಬರೆದ ಪಾಕಕ್ರಮ. ಮಿಕ್ಕ ಲಕ್ಷಣಗಳೆಲ್ಲ ಈ ಒಂದು ಲಕ್ಷಣದಿಂದಲೇ ಹುಟ್ಟುತ್ತವೆ.

ಹಿಂದಿನವರು ಬರೆಯದೆ ಬಿಟ್ಟದ್ದು

ಅಡುಗೆಯನ್ನು ಬರೆದಿಡುವುದು ಕನ್ನಡಕ್ಕೆ ಹೊಸತಲ್ಲ. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕದ ವಿಷಯ ಬರುತ್ತದೆ. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನೇ ಷಟ್ಪದಿಯಲ್ಲಿ ಬರೆದನು. ಅಡುಗೆಮನೆಯಲ್ಲಿ ಬೆಳೆದವನಿಗೆ ಬಾಯಿಪಾಠಕ್ಕೆ ಅನುಕೂಲವಾದ ರೂಪ ಅದು.

ಇಡ್ಲಿಯ ಕಥೆಯನ್ನೇ ನೋಡಿ. ‘ಲೋಕೋಪಕಾರ’ವು ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರನ್ನೂ ಸಂಬಾರಗಳನ್ನೂ ಸೇರಿಸುವ ಕ್ರಮವನ್ನು ಹೇಳುತ್ತದೆ. ಆದರೆ ಈ ಹಳೆಯ ಉಲ್ಲೇಖಗಳಲ್ಲಿ ಅಕ್ಕಿಯ ಮಾತಿಲ್ಲ; ಹಿಟ್ಟನ್ನು ರಾತ್ರಿಯೆಲ್ಲ ಹುದುಗಲು ಬಿಡುವ ಮಾತಿಲ್ಲ; ಆವಿಯಲ್ಲಿ ಬೇಯಿಸುವ ಮಾತೂ ಇಲ್ಲವೆಂದು ಆಹಾರ ಚರಿತ್ರಕಾರ ಕೆ. ಟಿ. ಅಚ್ಚಯ ಗುರುತಿಸಿದ್ದಾರೆ. ಆ ಕಾಲದವರು ಇವನ್ನು ಮಾಡುತ್ತಲೇ ಇರಲಿಲ್ಲವೋ, ಅಥವಾ ಎಲ್ಲರೂ ಬಲ್ಲದ್ದನ್ನು ಬರೆಯುವುದೇಕೆಂದು ಬಿಟ್ಟರೋ, ಸಾವಿರ ವರ್ಷಗಳ ಬಳಿಕ ಹೇಳಬಲ್ಲವರಾರು? ‘ಇದು ಎಲ್ಲರಿಗೂ ಗೊತ್ತು’ ಎಂದು ಇಂದು ಬಿಟ್ಟ ಮಾತೇ ನಾಳೆ ಯಾರಿಗೂ ಗೊತ್ತಿಲ್ಲದ ಮಾತಾಗುತ್ತದೆ.

ದೂರದಲ್ಲಿರುವವರನ್ನು ನೆನೆದು ಬರೆದ ಪುಸ್ತಕದ ಬಾಳು ಬೇರೆಯೇ ಬಗೆಯದು. ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ ಎಂಬ ಗೃಹಿಣಿಯ ಬಳಿ ಬಂಧುಗಳು ಮೇಲಿಂದ ಮೇಲೆ ಅಡುಗೆಯ ಕ್ರಮವನ್ನು ಕೇಳುತ್ತಿದ್ದರು. ಇದನ್ನೆಲ್ಲ ಪುಸ್ತಕವಾಗಿ ಬರೆಯಬಾರದೇಕೆಂದು ಆಕೆಯ ಬಂಧುವರ್ಗದ ಹಿರಿಯರೊಬ್ಬರು ಸೂಚಿಸಿದರು. 1951ರಲ್ಲಿ ಹೊರಬಂದ ಆ ತಮಿಳು ಪುಸ್ತಕದ ಹೆಸರು ‘ಸಮೈತ್ತುಪ್ಪಾರ್’, ಎಂದರೆ ‘ಅಡುಗೆ ಮಾಡಿ ನೋಡು’. ಮಗಳು ಗಂಡನ ಮನೆಗೆ ಹೊರಟಾಗ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಪುಸ್ತಕವೆಂದು ಅದು ಮನೆಮಾತಾಯಿತು.

ಪಾವಿನಿಂದ ಗ್ರಾಮಿನವರೆಗೆ

ಮೊದಲ ತೊಡಕು ಅಳತೆಯದು. ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕವೇನೋ ಎಲ್ಲೆಡೆ ಒಂದೇ. ಆದರೆ ಸೇರೇ ಊರಿಂದೂರಿಗೆ ಬೇರೆಯಾಗಿತ್ತು. ದೇಶಕ್ಕೆಲ್ಲ ಒಂದೇ ತೂಕ ಅಳತೆ ಇರಲೆಂದು 1956ರಲ್ಲಿ ಕಾನೂನಾಯಿತು. 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬರತೊಡಗಿದವು. ಅಂಗಡಿಯ ತಕ್ಕಡಿ ಬದಲಾಯಿತು. ಅಮ್ಮಂದಿರ ನೋಟುಪುಸ್ತಕ ಬದಲಾಗಲಿಲ್ಲ. ಇಂದಿಗೂ ನಾವು ‘ಒಂದು ಲೋಟ’ ಎಂದು ಬರೆದು ತೃಪ್ತರಾಗುತ್ತೇವೆ. ಯಾರ ಮನೆಯ ಲೋಟ? ಕಾಫಿಯ ಲೋಟವೋ, ನೀರಿನ ಲೋಟವೋ?

1845ರಲ್ಲಿ ಇಂಗ್ಲೆಂಡಿನ ಎಲೈಜಾ ಆಕ್ಟನ್ ತನ್ನ ಪುಸ್ತಕದಲ್ಲಿ ಪ್ರತಿಯೊಂದು ಅಡುಗೆಯ ಕೊನೆಗೂ ಸಾಮಗ್ರಿಗಳ ಪಟ್ಟಿಯನ್ನೂ ಬೇಯುವ ಕಾಲವನ್ನೂ ಬೇರೆಯಾಗಿ ಕೊಟ್ಟಳು. 1896ರಲ್ಲಿ ಅಮೆರಿಕದ ಬಾಸ್ಟನ್ ನಗರದ ಅಡುಗೆ ಶಾಲೆಯ ಫ್ಯಾನಿ ಫಾರ್ಮರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಮಚೆಯಾಗಲಿ ಬಟ್ಟಲಾಗಲಿ ಚಾಕುವಿನಿಂದ ಮಟ್ಟ ಮಾಡಿಯೇ ಅಳೆಯಬೇಕೆಂದು ಹಟ ಹಿಡಿದಳು. ಇದು ಅತಿ ಶಿಸ್ತೆಂದು ತೋರಬಹುದು. ಒಮ್ಮೆ ಕಡಲೆಹಿಟ್ಟನ್ನು ಜರಡಿ ಹಿಡಿದು ಸಡಿಲವಾಗಿ ಒಂದು ಬಟ್ಟಲು ತುಂಬಿ ತೂಗಿ. ಮತ್ತೊಮ್ಮೆ ಅದೇ ಬಟ್ಟಲಿಗೆ ಒತ್ತಿ ತುಂಬಿ ತೂಗಿ. ಬಟ್ಟಲು ಒಂದೇ, ಹಿಟ್ಟು ಮಾತ್ರ ಬೇರೆ ಬೇರೆ. ಆದುದರಿಂದ ತೂಕ ಹೇಳುವುದು ಉತ್ತಮ. ಬಟ್ಟಲಿನಲ್ಲೇ ಹೇಳುವುದಾದರೆ, ಒಂದೇ ಬಟ್ಟಲಿನಿಂದ ಎಲ್ಲವನ್ನೂ ಅಳೆಯಿರೆಂದು ಹೇಳುವುದು ಅವಶ್ಯ.

ಹೆಸರು ಒಂದು, ಪದಾರ್ಥ ಬೇರೆ

ಅಳತೆಯಂತೆಯೇ ಹೆಸರೂ ಮೋಸ ಮಾಡುತ್ತದೆ. ಚಟ್ನಿಗೆ ‘ಕಡಲೆ ಒಂದು ಹಿಡಿ’ ಎಂದಷ್ಟೇ ಬರೆದರೆ ಕಡಲೆಬೇಳೆಯೋ, ಹುರಿಗಡಲೆಯೋ, ಕಡಲೆಕಾಯಿಯ ಬೀಜವೋ? ನಮ್ಮ ಹುರಿಗಡಲೆ ಧಾರವಾಡದ ಕಡೆಗೆ ಹೋದರೆ ಪುಠಾಣಿ. ಕಡಲೆಕಾಯಿ ಅಲ್ಲಿ ಶೇಂಗಾ. ‘ಕೊತ್ತಂಬರಿ’ ಎಂದಾಗ ಬೀಜವೋ ಸೊಪ್ಪೋ ಎಂಬುದು ಬರೆದವರ ಮನಸ್ಸಿನಲ್ಲಿಯೇ ಉಳಿಯುತ್ತದೆ. ‘ಒಣಮೆಣಸಿನಕಾಯಿ 12’ ಎಂಬುದಂತೂ ಇನ್ನೂ ಅಪಾಯಕರ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅದೇ ಹನ್ನೆರಡು ಗುಂಟೂರಿನದಾದರೆ ಸಾರನ್ನು ಉಂಡವರು ಎಲೆಯ ಮುಂದೆ ಕಣ್ಣೀರಿಡಬೇಕಾದೀತು.

ಗಡಿಯಾರ ಸಾಲದು

ಅಳತೆಯೂ ಹೆಸರೂ ಸರಿಯಾದರೆ ಸಾಕೇ? ‘ಬೇಳೆಯನ್ನು ಇಷ್ಟು ನಿಮಿಷ ಬೇಯಿಸಿ’ ಎಂದರೆ ಕೆಲಸ ಮುಗಿಯಿತೇ? ಮುಗಿಯದು. ಮಂಗಳೂರಿನ ಕಡಲತೀರದಲ್ಲಿ ನೀರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕುದಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿದುಬಿಡುತ್ತದೆ. ತೆರೆದ ಪಾತ್ರೆಯಲ್ಲಿ ಅದೇ ಬೇಳೆಗೆ ಇಲ್ಲಿ ಹೆಚ್ಚು ಹೊತ್ತು ಬೇಕು. ಬಾವಿಯ ನೀರು ಗಡಸಾಗಿದ್ದರೆ ಇನ್ನೂ ತಡ; ಬೇಳೆ ಹಳೆಯದಾದರೆ ಮತ್ತೂ ತಡ. ಆದುದರಿಂದ ನಿಮಿಷದ ಜೊತೆಗೆ ಗುರುತನ್ನೂ ಹೇಳಬೇಕು: ‘ಬೇಳೆಯನ್ನು ಎರಡು ಬೆರಳಿನ ನಡುವೆ ಹಿಸುಕಿದರೆ ತಿರುಳು ಉಳಿಯದೆ ಕರಗಬೇಕು’ ಎಂದರೆ ಅದು ಮಂಗಳೂರಿಗೂ ಸಲ್ಲುತ್ತದೆ, ಮಡಿಕೇರಿಗೂ ಸಲ್ಲುತ್ತದೆ. ಅಡುಗೆಯಲ್ಲಿ ಗಡಿಯಾರ ಎಚ್ಚರಿಸಬಲ್ಲುದು. ತೀರ್ಪು ಕೊಡಬೇಕಾದವು ಕಣ್ಣು, ಕಿವಿ, ಮೂಗು ಮತ್ತು ಬೆರಳು.

ಕಾರಣವನ್ನೂ ಹೇಳಬೇಕು

ಕೆಲವು ಮಾತುಗಳನ್ನು ಕಾರಣವಿಲ್ಲದೆ ಹೇಳಿದರೆ ಓದುವವರು ಅವನ್ನು ಅಲಕ್ಷಿಸುತ್ತಾರೆ. ಹುಣಿಸೆಯ ರಸವನ್ನು ಬೇಳೆ ಬೆಂದ ಮೇಲೆಯೇ ಹಾಕಬೇಕೆಂಬುದು ಬರಿಯ ಸಂಪ್ರದಾಯವಲ್ಲ. ಮೊದಲೇ ಹಾಕಿದರೆ ಆ ಹುಳಿಯಲ್ಲಿ ಬೇಳೆ ಮೆತ್ತಗಾಗಲು ಒಲ್ಲದು. ಪತ್ರೊಡೆಯ ಹಿಟ್ಟಿಗೆ ‘ಹುಣಿಸೆಹುಳಿ, ರುಚಿಗೆ ತಕ್ಕಷ್ಟು’ ಎಂದು ಬರೆದುಬಿಟ್ಟರೆ, ಹುಳಿ ಸೇರದ ಮನೆಯವರು ಅದನ್ನು ಅರ್ಧಕ್ಕೆ ಇಳಿಸಿಯಾರು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಸೂಕ್ಷ್ಮವಾದ ಹರಳುಗಳಿವೆ. ಗಂಟಲಿನಲ್ಲಿ ಕೆರೆತ ಹುಟ್ಟಿಸುವವು ಅವೇ. ಆ ಹುಳಿ ನಾಲಗೆಗಾಗಿ ಮಾತ್ರವಲ್ಲ, ಗಂಟಲಿನ ರಕ್ಷಣೆಗಾಗಿಯೂ ಬಂದದ್ದು. ಉಪ್ಪಿನಕಾಯಿಯ ಉಪ್ಪೂ ಹಾಗೆಯೇ. ಅದು ರುಚಿಯ ಉಪ್ಪಲ್ಲ, ಕಾವಲಿನ ಉಪ್ಪು. ಕಡಿಮೆ ಮಾಡಿದರೆ ಜಾಡಿಯೊಳಗೆ ಬೂಷ್ಟು ಹಿಡಿದು ವರ್ಷದ ಶ್ರಮವೆಲ್ಲ ವ್ಯರ್ಥವಾದೀತು.

‘ರುಚಿಗೆ ತಕ್ಕಷ್ಟು’ ಎಂಬ ಮಾತನ್ನು ಬಳಸಬಾರದೆಂದು ನಾನು ಹೇಳುತ್ತಿಲ್ಲ. ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಬರೆಯುವವರು ಬಲ್ಲವರಾಗಿರಬೇಕು. ಸಾರಿನ ಉಪ್ಪನ್ನು ಉಣ್ಣುವವರ ನಾಲಗೆಗೆ ಬಿಡಬಹುದು. ಉಪ್ಪಿನಕಾಯಿಯ ಉಪ್ಪನ್ನು ಬಿಡಲಾಗದು.

ಚಿಕ್ಕಮ್ಮನ ಸಟ್ಟುಗ

ಮತ್ತೆ ಮೈಸೂರುಪಾಕಿಗೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನ ಕೈಯಲ್ಲಿ ಹುಟ್ಟಿತೆಂಬ ಪ್ರತೀತಿಯುಳ್ಳ ಈ ಸಿಹಿಗೆ ಬೇಕಾದ ಸಾಮಗ್ರಿ ಮೂರೇ. ಆದರೂ ಇದರಷ್ಟು ಮಂದಿಯನ್ನು ಅಳಿಸಿದ ತಿಂಡಿ ಬೇರೊಂದಿಲ್ಲ.

ಎರಡು ಸಲ ಕೆಟ್ಟ ಮೇಲೆ ನಾನು ಅಮ್ಮನ ತಂಗಿಯನ್ನು ಕರೆಸಿಕೊಂಡೆ. ಹಜಾರದಲ್ಲಿ ಕುಳಿತು ಕೇಳಿದಾಗ ಚಿಕ್ಕಮ್ಮ, “ಹದ ಬಂದಾಗ ತಾನೇ ಗೊತ್ತಾಗುತ್ತದೆ ಕಣೇ, ಅದನ್ನೇನು ಹೇಳುವುದು?” ಎಂದರು. ಒಲೆಯ ಮುಂದೆ ನಿಂತು ಸಟ್ಟುಗ ಕೈಗೆ ಬಂದೊಡನೆ ಮಾತೂ ಬಂದಿತು. ಅವರು ಮೊಗೆದುದನ್ನೆಲ್ಲ ಬಾಣಲೆಗೆ ಬೀಳುವ ಮೊದಲೇ ನಾನು ಅಳೆದು ಬರೆದುಕೊಂಡೆ. ‘ಬೇಕಾದಷ್ಟು’ ತುಪ್ಪವೆಂದರೆ ಎರಡು ಪಾವು. ಸಕ್ಕರೆಗೆ ಅರ್ಧ ಪಾವು ನೀರು. ಪಾಕ ‘ಬಂದಿತು’ ಎಂದರೆ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೇ ಎಳೆ ಎದ್ದು ನಿಲ್ಲಬೇಕು. ಜರಡಿ ಹಿಡಿದ ಹಿಟ್ಟನ್ನು ಗಂಟಾಗದಂತೆ ಸ್ವಲ್ಪ ಸ್ವಲ್ಪವಾಗಿ ಉದುರಿಸಬೇಕು. ಪಕ್ಕದ ಒಲೆಯಲ್ಲಿ ತುಪ್ಪ ಬಿಸಿಯಾಗಿಯೇ ಇರಬೇಕು. ಒಂದು ಸೌಟು ಹಾಕಿ, ಅದು ಹೀರಿದ ಮೇಲೆ ಮತ್ತೊಂದು.

“ಈಗ ನೋಡಬೇಡ, ಕೇಳು,” ಎಂದರು ಚಿಕ್ಕಮ್ಮ. ತುಪ್ಪ ಬಿದ್ದಾಗಲೆಲ್ಲ ಚೊರ್ರೆಂದು ನೊರೆಯುಕ್ಕುತ್ತಿದ್ದ ಸದ್ದು ಮೆಲ್ಲಗೆ ಕುಗ್ಗತೊಡಗಿತು. ಹಿಟ್ಟಿನ ಮೈಯೆಲ್ಲ ಜೇನುಗೂಡಿನಂತೆ ರಂಧ್ರವಾಯಿತು. ಬಾಣಲೆಯ ಅಂಚನ್ನು ಬಿಟ್ಟುಕೊಂಡಿತು. ಹುರಿದ ಕಡಲೆಯ ಘಮ ಎದ್ದಿತು. ಕೊನೆಯ ಸೌಟಿನ ತುಪ್ಪ ಹೀರದೆ ಬದಿಯಲ್ಲಿ ಜಿನುಗಿತು. “ಇದೇ! ತಡ ಮಾಡಿದರೆ ಕಲ್ಲು,” ಎಂದು ತಟ್ಟೆಗೆ ಸುರಿದೇ ಬಿಟ್ಟರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ನಿಮ್ಮಮ್ಮನೂ ನಾನೂ ನಮ್ಮಮ್ಮನ ಪಕ್ಕದಲ್ಲಿ ನಿಂತು ಕಿವಿಯಿಂದಲೇ ಕಲಿತದ್ದು. ಅದನ್ನು ಅವಳು ಹೇಗೆ ಬರೆದಾಳು ಹೇಳು?” ಎಂದರು.

ಆ ದಿನ ಬರೆದುಕೊಂಡದ್ದು ಒಂದೂವರೆ ಪುಟವಾಯಿತು. ಅದರ ಪ್ರತಿಯನ್ನು ಪುಣೆಯಲ್ಲಿ ಕೆಲಸದಲ್ಲಿರುವ ಮಗಳಿಗೆ ಕಳುಹಿಸಿ, ನನ್ನನ್ನು ಒಂದು ಮಾತೂ ಕೇಳದೆ ಮಾಡಿ ನೋಡೆಂದೆ. ಬರೆದವರೇ ಮಾಡಿ ನೋಡಿದರೆ ಅದು ಪರೀಕ್ಷೆಯಾಗದು; ಅವರ ಕೈ ಬರೆಯದಿದ್ದುದನ್ನೂ ತಾನೇ ತುಂಬಿಕೊಂಡುಬಿಡುತ್ತದೆ. ಮಾಡಿ ಅರಿಯದ ಇನ್ನೊಬ್ಬರ ಕೈಯಲ್ಲಿ ಗೆದ್ದದ್ದೇ ಒಳ್ಳೆಯ ಪಾಕಕ್ರಮ.

ಎರಡು ದಿನಗಳ ಮೇಲೆ ಮಗಳ ಉತ್ತರ ಬಂದಿತು. ಪಾಕ, ಬಣ್ಣ, ಸದ್ದು, ಎಲ್ಲವೂ ಬರೆದಂತೆಯೇ ಆಯಿತಂತೆ. “ಆದರೆ ಅಮ್ಮ, ತಟ್ಟೆಗೆ ತುಪ್ಪ ಸವರಿಟ್ಟುಕೊಳ್ಳಬೇಕೆಂಬುದನ್ನು ನೀನು ಕಟ್ಟಕಡೆಯ ಸಾಲಿನಲ್ಲಿ ಬರೆದಿದ್ದೀಯೆ. ಹದ ಬಂದ ಮೇಲೆ ತಟ್ಟೆ ಹುಡುಕಲು ಹೋದೆ. ಅಷ್ಟರಲ್ಲಿ ಅರ್ಧ ಬಾಣಲೆಯಲ್ಲಿಯೇ ಗಟ್ಟಿಯಾಯಿತು. ಉಳಿದರ್ಧ ಅಜ್ಜಿಯದರ ಹಾಗೆಯೇ ಇತ್ತು.”

ನಕ್ಕೆ, ಕಣ್ಣೂ ತೇವವಾಯಿತು. ಅಮ್ಮನ ಪುಸ್ತಕದಲ್ಲಿ ಆ ಮೂರು ಸಾಲುಗಳ ಎದುರಿಗೆ ಖಾಲಿಯಿದ್ದ ಪುಟದಲ್ಲಿ ಎಲ್ಲವನ್ನೂ ಹೊಸದಾಗಿ ಬರೆದೆ. ಮೊದಲ ಸಾಲು: “ಒಲೆ ಹಚ್ಚುವ ಮೊದಲೇ ತಟ್ಟೆಗೆ ತುಪ್ಪ ಸವರಿ ಪಕ್ಕದಲ್ಲಿಟ್ಟುಕೊಳ್ಳಬೇಕು.” ಅಂಚಿನಲ್ಲಿ ನಾಲ್ಕು ಬೆರಳು ಜಾಗವನ್ನು ಬಿಟ್ಟಿದ್ದೇನೆ. ನಾನು ಇನ್ನೂ ಏನೇನು ಮರೆತಿರುವೆನೋ, ಮುಂದೆ ಮಾಡುವವರು ಅಲ್ಲಿ ಬರೆದುಕೊಳ್ಳಲಿ.