ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಣ್ಣನ ಹಿಂದೆ ಬಯಲಿಗೆ ಓಡಿಬಂದ ಪುಟ್ಟ ತಂಗಿಯನ್ನು ಲಗೋರಿಯ ಗುಂಪು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುತ್ತಿತ್ತು. ಚೆಂಡು ಬಿದ್ದರೂ ಅವಳು ಔಟಲ್ಲ. ಬಾಲ್ಯದ ನೆನಪಿನಲ್ಲಿ ತಮಾಷೆಯಾಗಿ ಉಳಿದಿರುವ ಈ ರಿಯಾಯಿತಿಯೇ ಬಯಲಾಟ ಕಲಿಸಿದ ದೊಡ್ಡ ಪಾಠ ಎಂದು ನನಗನಿಸುತ್ತದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಗೋಲಿಯಾಟವನ್ನು ಗಮನಿಸಿ 1932ರಲ್ಲಿ ಪುಸ್ತಕ ಪ್ರಕಟಿಸಿದರು. ಚಿಕ್ಕವರಿಗೆ ನಿಯಮವೆಂದರೆ ಹಿರಿಯರು ಹಾಕಿದ, ಮುಟ್ಟಬಾರದ ಕಟ್ಟಳೆ. ಹತ್ತು ಹನ್ನೆರಡರ ಹೊತ್ತಿಗೆ ಮಾತ್ರ ಎಲ್ಲರೂ ಒಪ್ಪಿದರೆ ಅದನ್ನು ಬದಲಿಸಬಹುದೆಂಬ ಅರಿವು ಮೂಡುತ್ತದೆ ಎಂದರು. ಒಡಹುಟ್ಟಿದವರು ಕೂಡಿ ಆಡುವಾಗ ಈ ಎರಡೂ ವಯಸ್ಸು ಒಂದೇ ಅಂಗಳದಲ್ಲಿರುತ್ತವೆ. ತಂಗಿಗಾಗಿ ನಿಯಮ ಸಡಿಲಿಸುವ ಅಣ್ಣ ಅದರ ಉದ್ದೇಶವನ್ನೂ ಯೋಚಿಸಬೇಕಾಗುತ್ತದೆ. ವಯಸ್ಸಿಗೆ ತಕ್ಕಂತೆ ಗುಂಪು ಮಾಡುವ ತರಬೇತಿ ಶಿಬಿರದಲ್ಲಿ ಆ ಪ್ರಸಂಗವೇ ಬರುವುದಿಲ್ಲ.

ಇದು ಬರೀ ಹಳೆಯ ಕಾಲದ ಹಂಬಲ, ಅಣ್ಣಂದಿರ ದಬ್ಬಾಳಿಕೆ ಮರೆತಿರಾ ಎನ್ನಬಹುದು. ಮರೆತಿಲ್ಲ. ಕಂಕುಳಲ್ಲಿ ಕೂಸು ಹೊತ್ತೇ ಕುಂಟೆಬಿಲ್ಲೆ ಆಡಿದ ಅಕ್ಕಂದಿರಿಗೆ ಆಟವೂ ಅರ್ಧ ಕೆಲಸವೇ ಆಗಿತ್ತು. ಆದರೆ ಬಯಲಲ್ಲಿ ಮೋಸ ಮಾಡಿದ ಅಣ್ಣನಿಗೆ ಓರಗೆಯವರ ಜಗಳವೇ ಕಡಿವಾಣ. ಆಟ ನಿಂತರೆ ಅವನಿಗೂ ನಷ್ಟ. ಒಂದೇ ಮಗುವಿರುವ ಮನೆಗಳಲ್ಲಿ ಪಕ್ಕದ ಮನೆಯ ಚಿಕ್ಕವನೂ ತಮ್ಮನಾಗಬಲ್ಲ, ದೊಡ್ಡವರು ಮಧ್ಯೆ ಬಂದು ತೀರ್ಪು ಕೊಡದಿದ್ದರೆ.